ಚರಂಡಿಗೆ ಇಳಿದವನು ಯಾವ ಪುಸ್ತಕದಲ್ಲಿದ್ದಾನೆ?



ಹರಪ್ಪ, ಈಜಿಪ್ಟ್, ಸುಮೇರ್ ಅಂದಕೂಡಲೆ ನಮ್ಮ ಕೈಗೆ ಬರುವುದು ಪರೀಕ್ಷೆಯ ಗೈಡು. ಇಸವಿ, ರಾಜರ ಹೆಸರು, ಸ್ನಾನದ ಕೊಳದ ಉದ್ದಗಲ. ಉರು ಹೊಡೆದು ಬರೆದು ಬಂದರೆ ಮುಗೀತು. ಸಾವಿರಾರು ವರ್ಷದ ಜನರ ಬೆವರು ಎರಡು ಮಾರ್ಕಿನ ಪ್ರಶ್ನೆಯಾಗಿ ಹೋಗುತ್ತೆ. ಇಷ್ಟು ಸಾಲದು ಅನ್ನುವವರು ಮೊದಲ ಪುಸ್ತಕವನ್ನ ಹೇಗೆ ಆರಿಸಬೇಕು?

ಮೊಹೆಂಜೊದಾರೋದ ಚರಂಡಿಯ ಪುಟ ತೆಗೆಯಿರಿ. ಎಲ್ಲ ಪುಸ್ತಕದಲ್ಲೂ ಆ ಪುಟ ಇದ್ದೇ ಇರುತ್ತೆ. ಸುಟ್ಟ ಇಟ್ಟಿಗೆ, ಎತ್ತಿ ತೆಗೆಯುವಂಥ ಮುಚ್ಚಳ, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಜಾಣತನ. ಜಾಣತನವೇ, ಇಲ್ಲ ಅನ್ನೋದಿಲ್ಲ. ಆದರೆ ಮುಚ್ಚಳ ಎತ್ತಿದವರು ಯಾರು? ಒಳಗಿನ ಹೊಲಸು ಬಾಚಿದವರು ಯಾರು? ಇದನ್ನ ಕೇಳದೆ ಬರೀ ಹೊಗಳುವ ಪುಸ್ತಕವನ್ನ ಅಲ್ಲೇ ಮಡಚಿಡಿ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂದರೂ ಮ್ಯಾನ್‌ಹೋಲಿನಲ್ಲಿ ನಮ್ಮವರು ಸಾಯುತ್ತಲೇ ಇದ್ದಾರೆ. ಈ ಪ್ರಶ್ನೆಯನ್ನ ನಾವಲ್ಲದೆ ಇನ್ಯಾರು ಕೇಳ್ತಾರೆ?

ಹಾಗಂತ 'ಅವರು ನಮ್ಮವರೇ, ಆಗಲೇ ಜಾತಿ ಇತ್ತು' ಅಂತ ಉತ್ತರ ಕೊಟ್ಟುಬಿಡುವ ಪುಸ್ತಕವನ್ನೂ ನಂಬಬೇಡಿ. ಅಲ್ಲಿನ ಲಿಪಿಯನ್ನ ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಓದಿಲ್ಲ. ಓದಿಬಿಟ್ಟೆ ಅನ್ನುವವನು ಅದರಲ್ಲಿ ವೇದ ಕಂಡರೂ ಸರಿ, ನಮ್ಮನ್ನ ಕಂಡರೂ ಸರಿ, ದೂರ ಇಡಿ. ಬಾಬಾಸಾಹೇಬರು ಅಸ್ಪೃಶ್ಯರ ಬಗ್ಗೆ 1948ರಲ್ಲಿ ತಂದ ಪುಸ್ತಕದಲ್ಲಿ ಜನಾಂಗ ಬೇರೆಯಾದ್ದರಿಂದ ಅಸ್ಪೃಶ್ಯತೆ ಬಂತು ಅನ್ನುವುದನ್ನ ತಳ್ಳಿಹಾಕಿದರು. ಅದು ಹುಟ್ಟಿದ್ದು ಸುಮಾರು ಕ್ರಿ.ಶ. 400ರ ಹೊತ್ತಿಗೆ ಅಂದರು. ನಮಗೆ ಹಿತವಾಗುವ ಕತೆಗೂ ಅವರು ಪುರಾವೆ ಕೇಳಿದರು.

ಪುಸ್ತಕ ಬರೆದ ವರ್ಷ ನೋಡಿ. ಮಾರ್ಟಿಮರ್ ವೀಲರ್ ಉತ್ಖನನದಲ್ಲಿ ದೊಡ್ಡ ಹೆಸರು. ಮೊಹೆಂಜೊದಾರೋದಲ್ಲಿ ಸಿಕ್ಕ ಅಸ್ಥಿಪಂಜರಗಳನ್ನ ನೋಡಿ ಆರ್ಯರ ಕಗ್ಗೊಲೆ ಅಂದುಬಿಟ್ಟರು. 1964ರಲ್ಲಿ ಜಾರ್ಜ್ ಡೇಲ್ಸ್ ಅದು ಕಟ್ಟುಕತೆ ಅಂತ ವಾದಿಸಿದರು. ಹಳೇ ಪುಸ್ತಕದಲ್ಲಿ ಮೊದಲನೆಯದು ಮಾತ್ರ ಸಿಗುತ್ತೆ.

ಹರಪ್ಪಕ್ಕೆ ಶಿರೀನ್ ರತ್ನಾಗರ್ ಅವರ 'ಅಂಡರ್‌ಸ್ಟ್ಯಾಂಡಿಂಗ್ ಹರಪ್ಪ' (2001) ಹಿಡಿಯಿರಿ, ಸಾಮಾನ್ಯ ಓದುಗರಿಗೇ ಬರೆದದ್ದು. ಗಾರ್ಡನ್ ಚೈಲ್ಡ್ 1936ರಲ್ಲಿ ಬರೆದ 'ಮ್ಯಾನ್ ಮೇಕ್ಸ್ ಹಿಮ್‌ಸೆಲ್ಫ್' ಹಳೆಯದು, ಅದರ ಇಸವಿಗಳು ಈಗ ನಿಲ್ಲೋದಿಲ್ಲ. ಆದರೂ ಓದಿ. ಅಲ್ಲಿ ರಾಜನಿಗಿಂತ ಮೊದಲು ಉತ್ತವರು, ಮಡಕೆ ಮಾಡಿದವರು, ತಾಮ್ರ ಕರಗಿಸಿದವರು ಬರ್ತಾರೆ.

ಸುಮೇರಿಗೆ ಸ್ಯಾಮ್ಯುಯೆಲ್ ಕ್ರೇಮರ್ 1956ರಲ್ಲಿ ತಂದ ಪುಸ್ತಕ ಓದಲು ಬಲು ರುಚಿ. ಶಾಲೆಯಲ್ಲಿ ಏಟು ತಿಂದ ಹುಡುಗನೊಬ್ಬ ಅಪ್ಪನಿಗೆ ಹೇಳಿ ಮೇಷ್ಟ್ರನ್ನ ಮನೆಗೆ ಕರೆಸಿ, ಊಟ ಹಾಕಿಸಿ, ಉಡುಗೊರೆ ಕೊಡಿಸಿದ ಮೇಲೆ ಜಾಣ ಅನ್ನಿಸಿಕೊಂಡ ಕತೆ ಅದರಲ್ಲಿದೆ. ಅಲ್ಲಿ ಕಲಿತವರು ಬಹುಪಾಲು ಉಳ್ಳವರ ಮಕ್ಕಳು. ಅಕ್ಷರ ಹುಟ್ಟಿದ್ದು ಜವೆ, ಕುರಿ, ಕೂಲಿಯಾಳುಗಳ ಲೆಕ್ಕಕ್ಕೆ (ಕವಿತೆ ಬರೆಯುವ ನಮಗೆ ಇದು ಸ್ವಲ್ಪ ಕಹಿ). ಹೆಣ್ಣಿನ ಗುರುತಿಗೆ ಬೆಟ್ಟದ ಗುರುತು ಸೇರಿಸಿದರೆ ದಾಸಿ. ಬೆಟ್ಟದಾಚೆಯ ನಾಡಿಂದ ಹಿಡಿದು ತಂದವಳು.

ಈಜಿಪ್ಟಿನ ಪುಸ್ತಕವಾದರೆ ಕೊನೆಯ ಪುಟಗಳ ಪದಸೂಚಿಯಲ್ಲಿ ಮುಷ್ಕರ ಅನ್ನೋ ಮಾತಿದೆಯಾ ನೋಡಿ. ಮೂರನೇ ರಾಮೆಸೆಸ್ ಪಟ್ಟಕ್ಕೆ ಬಂದ 29ನೇ ವರ್ಷ, ಅಂದರೆ ಕ್ರಿ.ಪೂ. 12ನೇ ಶತಮಾನದಲ್ಲಿ, ರಾಜರ ಗೋರಿ ಕೊರೆಯುವ ಕೆಲಸಗಾರರಿಗೆ ಕೂಲಿ ಧಾನ್ಯ ಬರಲಿಲ್ಲ. ಅವರು ಕೆಲಸ ಬಿಟ್ಟು ಹೋಗಿ ಗುಡಿಗಳ ಹತ್ತಿರ ಕೂತರು. ಹಸಿದಿದ್ದೇವೆ ಅಂದರು. ಅದನ್ನ ಬರೆದಿಟ್ಟ ಪಪೈರಸ್ ಹಾಳೆ ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಿನಲ್ಲಿದೆ.

ನಾವು ಹೆಸರಿಸಿದ್ದೆಲ್ಲ ಇಂಗ್ಲಿಷಿನಲ್ಲಿ ಬರೆದವು. ಹೆದರಬೇಡಿ. ಹಾಸ್ಟೆಲಿನಲ್ಲಿ ನಾಲ್ಕು ಜನ ಕೂತು ಒಬ್ಬರು ಓದಿ, ಇನ್ನೊಬ್ಬರು ಕನ್ನಡದಲ್ಲಿ ಹೇಳಿ. ಸಂಜೆಗೆ ಮೂರು ಪುಟವಾದರೂ ಆಯ್ತು. ಲೈಬ್ರರಿಗೆ ತರಿಸಿ ಅಂತ ಅರ್ಜಿ ಬರೆಯುವಾಗ ಹತ್ತು ಜನ ಸಹಿ ಹಾಕಿ. ಒಬ್ಬನ ಅರ್ಜಿ ಮೇಜಿನ ಕೆಳಗೆ ಹೋಗುತ್ತೆ.