ದೈತ್ಯ ಜೊಂಡಿನ ವಿಚಾರ

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ವಾದನಕ್ಕೆ ತಲೆದೂಗಿದವರು ನಮ್ಮಲ್ಲಿ ಅನೇಕರು. ಆ ಹಿತ್ತಾಳೆಯ ವಾದ್ಯಕ್ಕೆ ದನಿಯನ್ನೀಯುವುದು ಅದರ ಬಾಯಿಗೆ ಕಟ್ಟಿದ ತೆಳ್ಳನೆಯ ಸೀಳು. ಅದನ್ನು ಸಾಮಾನ್ಯವಾಗಿ ಅರುಂಡೋ ಡೋನಾಕ್ಸ್ ಎಂಬ ದೈತ್ಯ ಜೊಂಡಿನಿಂದ ಮಾಡುವರು. ಫ್ರಾನ್ಸಿನ ವಾರ್ ಪ್ರಾಂತದ ಬೆಳೆ ಇದಕ್ಕೆ ಹೆಸರಾದುದು. ಅಮರಕೋಶದಲ್ಲಿ ‘ನಡ’ವೆಂಬ ಜೊಂಡಿಗೆ ‘ಧಮನ’ವೆಂಬ ಪರ್ಯಾಯನಾಮವುಂಟು, ಧ್ಮಾ ಧಾತುವಿಗೆ ಊದುವುದೆಂದರ್ಥ. ಕೋಶಕಾರನ ಜೊಂಡು ಇದೇ ಎಂದು ಸಾಧಿಸಲು ನಾನು ಹೊರಟಿಲ್ಲ. ಹೆಸರಂತೂ ಇದಕ್ಕೂ ಚೆನ್ನಾಗಿ ಒಪ್ಪುತ್ತದೆ.

ಇಂತಹ ನಾದಮೂಲವೇ ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ನದಿಗಳಿಗೆ ಕಂಟಕವಾಗಿದೆ. 19ನೆಯ ಶತಮಾನದ ಆದಿಭಾಗದಲ್ಲಿ ಸ್ಪೇನ್ ಮೂಲದ ನೆಲಸಿಗರು ಕಾಲುವೆಯ ದಂಡೆ ಕುಸಿಯದಿರಲೆಂದೂ ಮಾಡು ಹೊದಿಸಲೆಂದೂ ಇದನ್ನು ಲಾಸ್ ಏಂಜಲಿಸ್ ಸೀಮೆಯಲ್ಲಿ ನೆಟ್ಟರು. ಉದ್ದೇಶ ಒಳ್ಳೆಯದೇ. ಆದರೆ ನೀರೂ ಬಿಸಿಲೂ ಒದಗಿದರೆ ಇದು ದಿನಕ್ಕೆ 10 ಸೆಂಟಿಮೀಟರಿನವರೆಗೂ ಬೆಳೆದು, 6ರಿಂದ 8 ಮೀಟರು ಎತ್ತರಕ್ಕೇರಿ, ದಡದ ವಿಲೋ ಮರಗಳನ್ನು ಅಡಗಿಸಿಬಿಡುತ್ತದೆ. ಆ ಮರಗಳನ್ನಾಶ್ರಯಿಸಿದ ಬೆಲ್ಸ್ ವಿರಿಯೋ ಎಂಬ ಪುಟ್ಟ ಹಕ್ಕಿಗೆ ನೆಲೆ ತಪ್ಪುತ್ತದೆ. ಕಾಳ್ಗಿಚ್ಚು ಬಂದರೆ ಜೊಂಡು ಧಗಧಗನೆ ಉರಿಯುತ್ತದೆ. ಉರಿದ ಮೇಲೆ ವಿಲೋ ಚೇತರಿಸಿಕೊಳ್ಳುವ ಮೊದಲೇ ಗೆಡ್ಡೆಯಿಂದ ತಾನು ಚಿಗುರುತ್ತದೆ.

ವಿಚಿತ್ರವೆಂದರೆ, ಅಲ್ಲಿ ಇದರ ಬೀಜ ಮೊಳೆಯುವುದಿಲ್ಲ. ಪ್ರವಾಹವು ಮುರಿದೊಯ್ದ ಗೆಡ್ಡೆಯ ಅಥವಾ ಗಿಣ್ಣುಳ್ಳ ದಂಟಿನ ತುಂಡುಗಳೇ ಕೆಳಗಣ ದಡದಲ್ಲಿ ಬೇರೂರುತ್ತವೆ. ಆದುದರಿಂದ ಜನರ ಕಣ್ಣಿಗೆ ಬೀಳುವ ಸೇತುವೆಯ ಬಳಿ ಇದನ್ನು ಕಡಿಸುವುದು ವ್ಯರ್ಥವೆಂದೇ ನನ್ನ ಮತ. (ಶಿಲಾಫಲಕಕ್ಕೆ ಪ್ರಶಸ್ತವಾದ ಸ್ಥಳವೂ ಅದೇ ಎಂಬುದನ್ನು ನಮ್ಮ ದಾನಿಗಳು ಕ್ಷಮಿಸಿ ಓದಿಕೊಳ್ಳಬೇಕು.) ಮೇಲಿನ ಹೊಳೆಯಲ್ಲಿ ಒಂದು ಮೆಳೆ ಉಳಿದರೂ ಮುಂದಿನ ಪ್ರವಾಹವು ಕೆಳಗಿನ ಶ್ರಮವನ್ನೆಲ್ಲ ಅಳಿಸೀತು.

ರಿಯೋ ಗ್ರಾಂಡೆ ನದಿಯ ದಡದಲ್ಲಿ 2009ರಿಂದ ಇದನ್ನು ಕುಗ್ಗಿಸುವ ಒಂದು ಬಗೆಯ ಕಣಜವನ್ನು ಬಿಟ್ಟಿದ್ದಾರೆ. ಹೀಗಿರುತ್ತ, ಆ ದೇಶದ ಪರಿಸರ ಸಂರಕ್ಷಣ ಸಂಸ್ಥೆಯೇ 2013ರಲ್ಲಿ ಈ ಜೊಂಡಿನ ಇಂಧನಕ್ಕೆ, ಹರಡದಂತೆ ತಡೆಯುವ ನಿಬಂಧನೆಯೊಡನೆ, ಮಾನ್ಯತೆಯಿತ್ತಿತು. ನಿಬಂಧನೆ ಕಾಗದದ ಮೇಲಿರುತ್ತದೆ, ಗಿಣ್ಣು ನೀರಿನ ಮೇಲೆ ತೇಲುತ್ತದೆ. ನೆಡುವವನಿಂದಲೇ ಕೀಳುವ ಖರ್ಚನ್ನೂ ಮುಂಗಡವಾಗಿ ಕಟ್ಟಿಸಿಕೊಂಡು, ಆ ಹಣವನ್ನು ಮೇಲಿನ ಹೊಳೆಯಿಂದ ಮೊದಲುಮಾಡಿ ವರ್ಷವರ್ಷವೂ ಚಿಗುರು ಹುಡುಕುವ ಕೂಲಿಗಾಗಿ ಮೀಸಲಿಡುವುದಾದರೆ ಮಾತ್ರ ನಾನು ಆ ಮಾನ್ಯತೆಯನ್ನು ಒಪ್ಪಿಯೇನು.