ಅರ್ಜಿ ನಾವೇ ತುಂಬಾಣ

‘ನಿನಗ್ಯಾಕವ್ವ ಆ ಉಸಾಬರಿ, ಅಂಗಡಿಯಾಗ ಕೊಟ್ರೆ ತುಂಬಿಕೊಡ್ತಾರೆ’ ಅಂತ ನಮ್ಮ ಅತ್ತಿಗಿ ಮೊದಲುಗೊಂಡು ಎಲ್ಲಾರೂ ಹೇಳ್ತೀರಿ. ನಾನು ಒಪ್ಪಂಗಿಲ್ಲ.

ಮಗನ ಅಂಗವಿಕಲ ಸರ್ಟಿಫಿಕೇಟು ತಾತ್ಕಾಲಿಕದ್ದು, ಅವಧಿ ಮುಗಿದ್ರೆ ಮತ್ತೆ ಅರ್ಜಿ, ಮತ್ತೆ ತಪಾಸಣೆ. ಹೋದ ಸಲ ಅಂಗಡಿಗೇ ಕೊಟ್ಟಿದ್ದೆ. ಸೆರೆಬ್ರಲ್ ಪಾಲ್ಸಿಗೆ ಗುರುತು ಹಾಕಿದ್ರು, ಕಿವಿ ಮಂದ ಇರೋದು ಬಿಟ್ಟೇಬಿಟ್ರು. 2016ರ ಕಾಯ್ದೆಯಾಗ 21 ನಮೂನಿ ಅದಾವೆ, ಒಂದಕ್ಕಿಂತ ಹೆಚ್ಚಿದ್ರೂ ಬರೀಬೌದು. ಆದ್ರ ಹಿಂದಿನಿಂದ ಕೂಗಿದ್ರೆ ಅವ ತಿರುಗಂಗಿಲ್ಲ ಅನ್ನೋದು ಅಂಗಡಿಯಾವಗೆ ಹೆಂಗ ಗೊತ್ತಾಗಬೇಕು? ಅದು ಗೊತ್ತಿರೋದು ನನಗೆ.

ಯುಡಿಐಡಿ ಅರ್ಜಿಗೆ ಫೀಸಿಲ್ಲ. ವೆಬ್‌ಸೈಟಿನ ಹೆಸರೇ ಸ್ವಾವಲಂಬನ್. ತುಂಬಾಕೆ ಮಾತ್ರ ಇನ್ನೊಬ್ರ ಕೈ ಬೇಕಂತೆ! ‘ಪರ್ಸೆಂಟ್ ಜಾಸ್ತಿ ಹಾಕಸ್ತೀವಿ’ ಅಂದ್ರೆ ನಂಬಬ್ಯಾಡ್ರಿ, ಪರ್ಸೆಂಟ್ ಬರೆಯೋರು ಡಾಕ್ಟ್ರು.

ಕಂಪ್ಲಿ, ಸಂಡೂರಿನ ಅಕ್ಕಾರೆ, ನೀವಂತೂ ಹುಷಾರಿರ್ರಿ. 2021ರಾಗ ಹೊಸಪೇಟೆ ವಿಜಯನಗರ ಜಿಲ್ಲೆಗೆ ಬಂತು, ನಿಮ್ಮ ತಾಲ್ಲೂಕು ಬಳ್ಳಾರಿಯಾಗೇ ಉಳದಾವೆ. ಹೊಸಪೇಟೆ ಅಂಗಡಿಯಾಗ ಕುಂತು ಅವಸರದಾಗ ಜಿಲ್ಲೆ ತಪ್ಪಿಸಿದ್ರೆ ಓಡಾಡೋರು ನೀವೇ.

ಓದಾಕೆ ಬರದವ್ರು ಮನಿ ಹುಡುಗ್ರ ಕೈಲಿ ತುಂಬಿಸ್ರಿ, ಪಂಚಾಯ್ತಿಯಾಗ ಅಂಗವಿಕಲರಿಗೆ ಅಂತ ಇರೋ ವಿ.ಆರ್.ಡಬ್ಲ್ಯೂನ ಕೇಳ್ರಿ, ತಪ್ಪೇನಿಲ್ಲ. ಆದ್ರ ಬಾಜೂಕ ಕುಂದರ್ರಿ. ಸಬ್‌ಮಿಟ್ ಒತ್ತಾಕ ಮುಂಚೆ ಒಂದೊಂದೂ ಓದಿಸಿ ಕೇಳ್ರಿ, ಹೆಸರು ಆಧಾರಿನಾಗ ಇದ್ದಂಗೇ ಐತೋ ಇಲ್ಲೋ ನೋಡ್ರಿ.

ಈ ಸಲ ಎರಡು ರಾತ್ರಿ ಕುಂತು ಮೊಬೈಲಿನಾಗ ನಾನೇ ತುಂಬೀನಿ. ಫೋಟೊ ದೊಡ್ಡದಾತು ಅಂತ ಮೂರು ಸಲ ತಿರಸ್ಕಾರ ಮಾಡ್ತು, ಬೈಕೊಂತ ಮತ್ತೆ ಹಾಕಿದೆ. ಎನ್‌ರೋಲ್‌ಮೆಂಟ್ ನಂಬರು ಅಡಿಗಿಮನಿ ಕ್ಯಾಲೆಂಡರಿನ ಮ್ಯಾಲೆ ಬರ್ದಿಟ್ಟೀನಿ, ಕಿವಿ ಕಾಲಂ ಖಾಲಿ ಬಿಟ್ಟಿಲ್ಲ.