ವಿಶೇಷ ಶಾಲೆಯ ಶುಲ್ಕ: ಯಾರ ತಪ್ಪಿಗೆ ಯಾರು ತೆರುವ ದಂಡ?

ಭಕ್ತಬಾಂಧವರೇ, ಶ್ರೀಮಠದ ನೆರಳಿನಲ್ಲಿ ಓದಿ ಇಂದು ನಾಡಿನ ನಾನಾ ಕಡೆ ಶಿಕ್ಷಕರೂ ಅಧಿಕಾರಿಗಳೂ ಸಂಸ್ಥೆಗಳ ಆಡಳಿತಗಾರರೂ ಆಗಿರುವ ಹಳೆಯ ವಿದ್ಯಾರ್ಥಿಗಳೇ,

ವಿದ್ಯೆಯು ಮಾರಾಟದ ಸರಕಲ್ಲವೆಂದು ಸಭೆ ಸಮಾರಂಭಗಳಲ್ಲಿ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳಿದವರ ಸಂಸ್ಥೆಯ ಕಚೇರಿಗೆ ಮಾರನೆಯ ದಿನ ಹೋಗಿ ನೋಡಿದರೆ ಅದರ ದರಪಟ್ಟಿ ಸಿದ್ಧವಾಗಿರುತ್ತದೆ. ಈ ವೈಪರೀತ್ಯಕ್ಕೆ ನಮ್ಮ ಸಮಾಜ ಹೊಂದಿಕೊಂಡು ಬಹಳ ಕಾಲವಾಯಿತು. ಆದರೆ ಈ ದರಪಟ್ಟಿಯ ಅತ್ಯಂತ ನಿಷ್ಠುರವಾದ ಪುಟವೊಂದನ್ನು ನಮ್ಮಲ್ಲಿ ಬಹುಮಂದಿ ಕಂಡಿಲ್ಲ. ಆಟಿಸಂ ಇರುವ ಮಗುವನ್ನು, ಅಕ್ಷರಗಳನ್ನು ಕೂಡಿಸಿ ಓದಲು ತಿಣುಕುವ ಡಿಸ್ಲೆಕ್ಸಿಯಾದ ಮಗುವನ್ನು, ಒಂದೆಡೆ ಕ್ಷಣಕಾಲವೂ ಕೂರಲಾರದ ಎಡಿಎಚ್‌ಡಿಯ ಮಗುವನ್ನು ಕೈಹಿಡಿದು ಶಾಲೆಯಿಂದ ಶಾಲೆಗೆ ಅಲೆಯುವ ತಾಯಿತಂದೆಗಳಿಗೆ ಮಾತ್ರ ಆ ಪುಟ ಗೊತ್ತು. ಅದರ ವಿಚಾರವನ್ನು ಈ ತಿಂಗಳು ನಿಮ್ಮ ಮುಂದಿಡದೆ ವಿಧಿಯಿಲ್ಲ.

ಈ ಮಕ್ಕಳು ರೋಗಿಗಳಲ್ಲ. ಅವರ ಮಿದುಳು ಲೋಕವನ್ನು ಗ್ರಹಿಸುವ ಕ್ರಮ ಬೇರೆ. ಒಂದು ಮಗುವಿಗೆ ಗಂಟೆಯ ಸದ್ದು ಕಿವಿಗೆ ಕಾದ ಸೀಸ ಹೊಯ್ದಂತಾಗುತ್ತದೆ. ಇನ್ನೊಂದು ಮಗು ಮಾತನಾಡದಿದ್ದರೂ ಚಿತ್ರಗಳ ಮೂಲಕ ತನಗೆ ಬೇಕಾದುದನ್ನೆಲ್ಲ ತಿಳಿಸಬಲ್ಲದು. ಮತ್ತೊಂದು ಮಗು ಬಾಯಿಲೆಕ್ಕದಲ್ಲಿ ದೊಡ್ಡವರನ್ನು ಮೀರಿಸುತ್ತದೆ, ಒಂದು ಸಾಲು ಓದಲು ಬೆವರುತ್ತದೆ. ಇಂಥವರಿಗೆ ಕಲಿಸುವ ವಿಧಾನಗಳುಂಟು, ತರಬೇತಿ ಹೊಂದಿದ ಶಿಕ್ಷಕರುಂಟು. ಆದರೂ ನೆರೆಮನೆಯ ಮಗು ಹೋಗುವ ಶಾಲೆಗೆ ಈ ಮಗು ಹೋಗಲಾರದೆ ಉಳಿಯುವುದೇಕೆ?

ದಾಖಲಾತಿಯ ಕಥೆಯನ್ನು ಕೇಳಿರಿ. ಮೊದಲು ಸಾಮಾನ್ಯ ಶಾಲೆಯೊಂದಕ್ಕೆ ಅರ್ಜಿ. ಅಲ್ಲಿ ಮಗುವನ್ನು ಕೂರಿಸಿ ಹೆಸರು, ಬಣ್ಣ, ಅಂಕಿ ಕೇಳುತ್ತಾರೆ. ಮಗು ಉತ್ತರಿಸದೆ ಕಿಟಕಿಯ ಕಡೆ ನೋಡುತ್ತದೆ. "ನಿಮ್ಮ ಮಗುವಿಗೆ ವಿಶೇಷ ಶಾಲೆಯೇ ಒಳ್ಳೆಯದು, ಅದರ ಹಿತಕ್ಕಾಗಿಯೇ ಹೇಳುತ್ತಿದ್ದೇವೆ" ಎಂದು ಮೃದುವಾಗಿ ಹೇಳಿ ಕಳುಹಿಸುತ್ತಾರೆ. ಎಲ್ಲಿಯೋ ಒಂದು ಶಾಲೆ ಒಪ್ಪಿಕೊಂಡರೆ, ಮಗುವಿನ ಪಕ್ಕದಲ್ಲಿ ಕೂರಲು ಶ್ಯಾಡೋ ಟೀಚರ್ ಎಂಬ ಸಹಾಯಕಿಯನ್ನು ನೀವೇ ಕರೆತರಬೇಕು, ಸಂಬಳವನ್ನೂ ನೀವೇ ಕೊಡಬೇಕು ಎಂಬ ಷರತ್ತು ಬರುತ್ತದೆ. ಅದೂ ನಡೆಯದೆ ಹೋದಾಗ ಖಾಸಗಿ ವಿಶೇಷ ಶಾಲೆಯ ಬಾಗಿಲು. ಅಲ್ಲಿ ಹಿಂದಿರುಗಿಸಲಾಗದ ಅರ್ಜಿ ಶುಲ್ಕ. ಮಕ್ಕಳ ವೈದ್ಯರ ವರದಿ, ಮನಶ್ಶಾಸ್ತ್ರಜ್ಞರ ಪರೀಕ್ಷಾ ವರದಿ, ವಾಕ್ ಚಿಕಿತ್ಸಕರ ವರದಿ, ಆಕ್ಯುಪೇಷನಲ್ ಥೆರಪಿಯ ವರದಿ, ಇವೆಲ್ಲ ಬೇಕು. ಎರಡು ವರ್ಷದ ಹಿಂದಿನದಾದರೆ ಹೊಸದಾಗಿ ಮಾಡಿಸಬೇಕು. ಆಮೇಲೆ ಒಂದು ವಾರ ಮಗುವನ್ನು ಗಮನಿಸಿ ನೋಡುತ್ತಾರೆ. ಒಪ್ಪಿಗೆಯಾದರೆ ಪ್ರವೇಶ ಶುಲ್ಕ, ವರ್ಷದ ಮುಂಗಡ, ವಾಹನದ ಹಣ. ಥೆರಪಿಯ ಹಣ ಬೇರೆ.

ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡೋಣ. ಶಾಲೆಯ ಶುಲ್ಕ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,80,000 ಆಯಿತು. ಒಂದು ಅವಧಿಗೆ 800 ರೂಪಾಯಿಯಂತೆ ವಾರಕ್ಕೆ ಮೂರು ಅವಧಿ ಥೆರಪಿ ಎಂದರೆ 50 ವಾರಕ್ಕೆ 1,20,000. ಒಟ್ಟು ಮೂರು ಲಕ್ಷ. ಇದು ಉದಾಹರಣೆಗೆ ಹಿಡಿದ ಮೊತ್ತ. ಮಹಾನಗರಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ಕೇಳುವ ಶಾಲೆಗಳುಂಟು. ಇನ್ನು ಸರಕಾರದ ನೆರವು ಎಷ್ಟು? ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಅಂಗವಿಕಲ ಅವಲಂಬಿತರ ಹೆಸರಿನಲ್ಲಿ 75,000 ರೂಪಾಯಿಯ, ತೀವ್ರ ಅಂಗವೈಕಲ್ಯವಿದ್ದರೆ 1,25,000 ರೂಪಾಯಿಯ ಕಡಿತ ದೊರೆಯುತ್ತದೆ. ಶೇಕಡಾ 20ರ ತೆರಿಗೆ ಕಟ್ಟುವವನಿಗೆ ಮೊದಲನೆಯದರಿಂದ ಉಳಿಯುವುದು ಸುಮಾರು 15,000. ಹೊಲದಲ್ಲಿ ದುಡಿಯುವವನಿಗೆ, ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುವವನಿಗೆ ಉಳಿಯುವುದು ಸೊನ್ನೆ. ಅವನಿಗೆ ಕಟ್ಟಲು ತೆರಿಗೆಯೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಡೆಯುವ ನಿರಾಮಯ ಎಂಬ ವಿಮೆ ಒಂದು ಲಕ್ಷದವರೆಗೆ ಆರೋಗ್ಯದ ವೆಚ್ಚವನ್ನು ನೋಡಿಕೊಳ್ಳುತ್ತದೆ, ಶಾಲೆಯ ಶುಲ್ಕವನ್ನಲ್ಲ. ಅದೂ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ. ಡಿಸ್ಲೆಕ್ಸಿಯಾದ ಮಗು ಅದರ ಹೊರಗೆ.

ಹಾಗಾದರೆ ದೇಶದ ಕಾನೂನು ಈ ಮಕ್ಕಳನ್ನು ಮರೆತಿದೆಯೇ? ಇಲ್ಲ. ಮರೆತಿರುವವರು ನಾವು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವನ್ನು 21ಕ್ಕೆ ಏರಿಸಿ, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ಸೇರಿಸಿತು. ಅದರ 31ನೆಯ ಕಲಮು ಏನು ಹೇಳುತ್ತದೆಂಬುದನ್ನು ಪ್ರತಿಯೊಬ್ಬ ಶಿಕ್ಷಕನೂ ಬಾಯಿಪಾಠ ಮಾಡಬೇಕು: ಶೇಕಡಾ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವೆಂದು ಪ್ರಮಾಣೀಕೃತವಾದ, 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕುಂಟು. ಉಚಿತ ಎಂಬ ಪದವನ್ನು ಗಮನಿಸಿರಿ. 16ನೆಯ ಕಲಮಿನಂತೆ ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳು ಈ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು ವಂತಿಗೆಯನ್ನೂ, ಪ್ರವೇಶಕ್ಕಾಗಿ ಮಗುವನ್ನೋ ಪಾಲಕರನ್ನೋ ಪರೀಕ್ಷಿಸಿ ಆರಿಸುವುದನ್ನೂ ನಿಷೇಧಿಸಿದೆ. ಹಾಗೆ ಪರೀಕ್ಷಿಸಿದ ಶಾಲೆಗೆ ಮೊದಲ ಸಲ 25,000, ಬಳಿಕ ಪ್ರತಿ ಸಲ 50,000 ರೂಪಾಯಿಯವರೆಗೆ ದಂಡ. ಮಗುವನ್ನು ಕೂರಿಸಿ ಬಣ್ಣ ಕೇಳಿ ಹಿಂದೆ ಕಳುಹಿಸಿದ ಆ ಮೃದುಭಾಷಿಗಳು ಯಾವ ಕಲಮನ್ನು ಮುರಿದರೆಂಬುದು ಈಗ ಸ್ಪಷ್ಟವಾಯಿತಷ್ಟೆ.

ಆದರೆ ಕಾಯ್ದೆಯಲ್ಲಿಯೂ ಬಿರುಕುಗಳಿವೆ. ಎಡಿಎಚ್‌ಡಿಯ ಹೆಸರು ಆ 21ರ ಪಟ್ಟಿಯಲ್ಲಿ ಇಲ್ಲ. ಆ ಮಗುವಿನ ಪಾಲಕರಿಗೆ ಪ್ರಮಾಣಪತ್ರವೇ ದೊರೆಯದೆ ಹೋಗಬಹುದು. ಶೇಕಡಾ 38 ಎಂದು ಬರೆಯಲ್ಪಟ್ಟ ಮಗುವಿಗೆ 31ನೆಯ ಕಲಮಿನ ಹಕ್ಕಿಲ್ಲ. ಆ ಎರಡು ಅಂಕಿಗಳಿಗಾಗಿ ಮನೆಯವರು ಹೊಲ ಒತ್ತೆಯಿಡಬೇಕಾದೀತು. ವಿಶೇಷ ಶಿಕ್ಷಕರ ನೇಮಕದ ಸ್ಥಿತಿಯೂ ಹೀಗೆಯೇ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಮಾನ್ಯ ಶಾಲೆಗಳಲ್ಲಿ ಇಂಥ ಶಿಕ್ಷಕರಿರಬೇಕೆಂದು ಆದೇಶಿಸಿತು. 2022ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಪ್ರಮಾಣವನ್ನು ಗೊತ್ತುಪಡಿಸಿತು. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ಹುದ್ದೆಗಳನ್ನು ಮೊದಲು ಗುರುತಿಸಿ ಪ್ರಕಟಿಸಿರೆಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಮೂರು ವರ್ಷಕ್ಕೂ ಹೆಚ್ಚೆಂದರೆ ಐದು ವರ್ಷದ ಮಗುವಿಗೆ ಎಂಟು ದಾಟುವ ಕಾಲ. ಕಡತಕ್ಕೆ ವಯಸ್ಸಾಗುವುದಿಲ್ಲ, ಮಗುವಿಗೆ ಆಗುತ್ತದೆ.

"ಸ್ವಾಮಿಗಳೇ, ವಿಶೇಷ ಶಾಲೆ ನಡೆಸುವುದು ಹಗುರವಲ್ಲ, ನಾಲ್ಕಾರು ಮಕ್ಕಳಿಗೆ ಒಬ್ಬ ಶಿಕ್ಷಕಿ ಬೇಕು, ಥೆರಪಿಸ್ಟರ ಸಂಬಳ ಎಲ್ಲಿಂದ ತರುವುದು?" ಎಂದು ಒಬ್ಬ ಭಕ್ತರು ನಮ್ಮನ್ನು ಕೇಳಿದರು. ಅವರ ಮಾತು ಸುಳ್ಳಲ್ಲ. ಹಗಲಿರುಳು ಶ್ರಮಿಸಿ, ಸಾಲ ಮಾಡಿ ಇಂಥ ಶಾಲೆ ನಡೆಸುವ ತಾಯಂದಿರನ್ನು ನಾವು ಬಲ್ಲೆವು. ಅವರಲ್ಲಿ ಹಲವರು ತಮ್ಮ ಮಗುವಿಗೆ ಎಲ್ಲಿಯೂ ಸ್ಥಳ ಸಿಗದಿದ್ದಾಗ ಶಾಲೆಯನ್ನೇ ಕಟ್ಟಿದವರು. ನಮ್ಮ ಆಕ್ಷೇಪ ಅವರ ಮೇಲಲ್ಲ. ವೆಚ್ಚ ಹೆಚ್ಚೆಂಬುದು ಸತ್ಯವಾದರೆ, ಆ ವೆಚ್ಚವನ್ನು ಇಡೀ ಸಮಾಜ ಹಂಚಿಕೊಳ್ಳಬೇಕೆಂಬುದೂ ಅಷ್ಟೇ ಸತ್ಯ. ಊರಿನ ರಸ್ತೆಗೆ, ಕೆರೆಗೆ, ಆಸ್ಪತ್ರೆಗೆ ಎಲ್ಲರೂ ಹಣ ಕೊಡುತ್ತೇವೆ. ಈ ಮಗುವಿನ ಶಾಲೆಗೆ ಮಾತ್ರ ಅದರ ತಂದೆಯೊಬ್ಬನೇ ಏಕೆ ಕೊಡಬೇಕು? ಹತ್ತು ಸಾಮಾನ್ಯ ಶಾಲೆಗಳು ಒಬ್ಬೊಬ್ಬ ವಿಶೇಷ ಶಿಕ್ಷಕರನ್ನು ನೇಮಿಸಿಕೊಂಡಿದ್ದರೆ ಅಂಥ ಎಷ್ಟೋ ಮಕ್ಕಳು ತಮ್ಮ ಊರಿನಲ್ಲಿಯೇ ಓದುತ್ತಿದ್ದರು. ಆ ಹತ್ತು ಶಾಲೆಗಳು ಉಳಿಸಿಕೊಂಡ ಹಣವೇ ಈ ತಂದೆಯ ಹೆಗಲೇರಿದೆ. ಆದುದರಿಂದ ಇದನ್ನು ಶುಲ್ಕವೆನ್ನಲು ನಮ್ಮ ಮನಸ್ಸು ಒಪ್ಪದು. ಸಾಮಾನ್ಯ ಶಾಲೆಗಳ ನಿರಾಕರಣೆಗಾಗಿ ನಿರಪರಾಧಿಗಳಾದ ತಾಯಿತಂದೆಗಳು ತೆರುತ್ತಿರುವ ದಂಡವಿದು.

ನಮ್ಮ ಭಕ್ತರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಎಲ್ಲವೂ ಸುಗಮವೆಂದು ಅವರು ಹೇಳುವುದುಂಟು. ಅಲ್ಲಿ 1975ರಿಂದಲೇ ಇಂಥ ಮಕ್ಕಳ ಉಚಿತ ಶಿಕ್ಷಣಕ್ಕೆ ಕಾನೂನಿದೆ. ಸರಕಾರಿ ಶಾಲೆ ತಕ್ಕ ಶಿಕ್ಷಣ ಕೊಡದೆ, ಪಾಲಕರು ಯೋಗ್ಯವಾದ ಖಾಸಗಿ ಶಾಲೆಗೆ ಸೇರಿಸಿದರೆ ಆ ಹಣವನ್ನು ಶಾಲಾ ಆಡಳಿತ ಹಿಂದಿರುಗಿಸಬೇಕಾದೀತೆಂದು ಅಲ್ಲಿನ ಸುಪ್ರೀಂ ಕೋರ್ಟು 1985ರಲ್ಲಿ ತೀರ್ಮಾನಿಸಿತು. 2017ರಲ್ಲಿ ಕೊಲೊರಾಡೋದ ಆಟಿಸಂ ಇರುವ ಬಾಲಕನೊಬ್ಬನ ಮೊಕದ್ದಮೆಯಲ್ಲಿ, ನೆಪಮಾತ್ರದ ಕಲಿಕೆ ಸಾಲದು, ಮಗುವಿನ ಸ್ಥಿತಿಗೆ ತಕ್ಕ ನಿಜವಾದ ಪ್ರಗತಿ ಆಗಬೇಕೆಂದು ಒಮ್ಮತದಿಂದ ಹೇಳಿತು. ಆದರೆ ಅಲ್ಲಿಯೂ ಪಾಲಕರು ಮೊದಲು ತಮ್ಮ ಕೈಯಿಂದ ಕಟ್ಟಿ, ಬಳಿಕ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕು. ಮೊದಲು ಕಟ್ಟಲು ಹಣವಿಲ್ಲದವನಿಗೆ ಹಿಂದಿರುಗಿ ಬರುವುದೇನು? ನಾವು ಅಲ್ಲಿಂದ ಕಲಿಯಬೇಕಾದುದು ಇಷ್ಟೆ: ಹಣ ಹೊಂದಿಸುವ ಹೊಣೆ ಶಾಲೆ ಮತ್ತು ಸರಕಾರದ ಮೇಲೆ ಮೊದಲೇ ಬೀಳಬೇಕು.

ದೂರದ ದೇಶವೇಕೆ? ನಮ್ಮ ಮನೆಯ ದೀಪವನ್ನೇ ನೋಡೋಣ. ಹುಟ್ಟುಕುರುಡರಾದ ಬಡ ಬಾಲಕರಿಬ್ಬರ ಹಾಡು ಕೇಳಿ ಹಾನಗಲ್ಲ ಕುಮಾರಸ್ವಾಮಿಗಳು (1867–1930) ಅವರನ್ನು ಕರೆದುಕೊಂಡರು. ಕಣ್ಣಿಲ್ಲದವರಿಗೆ ನಮ್ಮಲ್ಲಿ ಸ್ಥಳವಿಲ್ಲವೆಂದು ಅವರು ಹೇಳಲಿಲ್ಲ. ಅವರಿಗೆ ಒಗ್ಗುವ ವಿದ್ಯೆ ಯಾವುದೆಂದು ಹುಡುಕಿ ಸಂಗೀತ ಕಲಿಸಿದರು. ಆ ಬಾಲಕರಲ್ಲೊಬ್ಬರು ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಅವರ ಶಿಷ್ಯರು, ತಾವೂ ಅಂಧರೇ ಆದ ಪುಟ್ಟರಾಜ ಗವಾಯಿಗಳು (1914–2010), ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯಾತ ಅಂಧ ಅನಾಥ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತರು. ಅಲ್ಲಿ ದರಪಟ್ಟಿ ಇರಲಿಲ್ಲ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ಊಟ, ವಸತಿ, ಶಿಕ್ಷಣಗಳನ್ನು ಉಚಿತವಾಗಿ ಕೊಟ್ಟರು. ಇಂಥ ಪರಂಪರೆಯ ನಾಡಿನಲ್ಲಿ, ಶರಣರ ಹೆಸರನ್ನು ಹಣೆಪಟ್ಟಿಯಾಗಿ ಧರಿಸಿದ ಶಾಲೆಯೊಂದು ಮಾತು ಬಾರದ ಮಗುವನ್ನು ಗೇಟಿನಿಂದಲೇ ಕಳುಹಿಸುವುದಾದರೆ, ಆ ಹೆಸರನ್ನು ಅಳಿಸಿ ಬೇರೆ ಹೆಸರಿಟ್ಟುಕೊಳ್ಳುವುದು ಲೇಸು.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕು. ಇಂಥ ಮಗು ಹುಟ್ಟಿದ್ದು ಪೂರ್ವಜನ್ಮದ ಕರ್ಮಫಲವೆಂದು ಪಿಸುಗುಟ್ಟುವ ನಾಲಗೆಗಳು ಇನ್ನೂ ಉಂಟು. ಆ ನಾಲಗೆಯಿಂದಾಗಿಯೇ ಎಷ್ಟೋ ಮನೆಗಳಲ್ಲಿ ಮಗುವನ್ನು ಬಚ್ಚಿಡುತ್ತಾರೆ. ಕಲಿಕೆಗೆ ಅತ್ಯಂತ ಅನುಕೂಲವಾದ ಮೊದಲ ವರ್ಷಗಳು ಹರಕೆಗಳಲ್ಲಿಯೇ ಕಳೆದುಹೋಗುತ್ತವೆ. ಸಹಾಯ ಮಾಡಲು ಮನಸ್ಸಿಲ್ಲದವರು ಕರ್ಮವನ್ನು ಮುಂದೆ ಮಾಡುತ್ತಾರೆ.

ಹಾಗಾದರೆ ಆಗಬೇಕಾದುದೇನು? ಶಾಲೆಗಳನ್ನು ನಡೆಸುವ ಹಳೆಯ ವಿದ್ಯಾರ್ಥಿಗಳೇ, ಪ್ರತಿ ಶಾಲೆಗೆ ಸಾಧ್ಯವಾಗದಿದ್ದರೆ ನಾಲ್ಕು ಶಾಲೆಗಳು ಸೇರಿ ಒಬ್ಬ ವಿಶೇಷ ಶಿಕ್ಷಕರನ್ನಾದರೂ ಈ ವರ್ಷವೇ ನೇಮಿಸಿಕೊಳ್ಳಿರಿ. ಸದ್ದುಗದ್ದಲವಿಲ್ಲದ ಒಂದು ಕೋಣೆಯನ್ನು ತೆಗೆದಿಡಿರಿ. ದಾನಿಗಳೇ, ಮಹಾದ್ವಾರಕ್ಕೆ, ಸಭಾಭವನಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಒಂದು ಮಗುವಿನ ಒಂದು ವರ್ಷದ ಥೆರಪಿಗೆ ಮೀಸಲಿಡಿರಿ. ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಅಲ್ಲಿ ಅವಕಾಶವಿಲ್ಲ. ದಾಸೋಹವೆಂದರೆ ಅದೇ ಅಲ್ಲವೇ? ವಕೀಲರಾದವರೇ, 31ನೆಯ ಕಲಮನ್ನು ಹಿಡಿದು ಒಂದು ಬಡ ಕುಟುಂಬದ ಪರವಾಗಿ ಅರ್ಜಿ ಬರೆಯಿರಿ.

ಈ ಹೊತ್ತೇ ಅರ್ಜಿ ಹಿಡಿದು ನಿಂತಿರುವ ಪಾಲಕರಿಗೂ ಎರಡು ಮಾತು. ಮಗುವಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಂಥ ಸರಕಾರಿ ಸಂಸ್ಥೆಗಳಿಗೆ ಮೊದಲು ಹೋಗಿರಿ. ಪ್ರಮಾಣಪತ್ರವನ್ನೂ ಯುಡಿಐಡಿ ಕಾರ್ಡನ್ನೂ ಮಾಡಿಸಿಕೊಳ್ಳಿರಿ, ನಾಚಿಕೆಪಡುವ ಕಾರಣವಿಲ್ಲ. ಖಾಸಗಿ ವಿಶೇಷ ಶಾಲೆಗೆ ಹಣ ಕಟ್ಟುವ ಮುನ್ನ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ, ಒಬ್ಬರಿಗೆ ಎಷ್ಟು ಮಕ್ಕಳು, ನಿಮ್ಮ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆಯನ್ನು ಕೊಡುವರೇ, ಮಗು ಬಿಟ್ಟರೆ ಹಣ ಹಿಂದಿರುಗುವುದೇ ಎಂದು ಕೇಳಿ ಬರಹದಲ್ಲಿ ಪಡೆಯಿರಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಸಾಮಾನ್ಯ ಶಾಲೆ ನಿರಾಕರಿಸಿದರೆ ಆ ನಿರಾಕರಣೆಯನ್ನೂ ಬರಹದಲ್ಲಿಯೇ ಕೇಳಿರಿ. ಬಾಯಿಮಾತಿನಲ್ಲಿ ಬಾಗಿಲು ಮುಚ್ಚುವವರು ಸಹಿ ಹಾಕಲು ಹೆದರುತ್ತಾರೆ. ನಿರಾಕರಣೆ ಬರಹದಲ್ಲಿ ಸಿಕ್ಕರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೂ ದೂರು ಕೊಡಿರಿ.

ಬರುವ ಜೂನ್ ತಿಂಗಳಲ್ಲಿ ಶಾಲೆಗಳು ಮತ್ತೆ ತೆರೆಯುತ್ತವೆ. ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಇಂಥ ಒಂದು ಮಗುವಿನ ಹೆಸರಾದರೂ ಇರಲಿ. ಆ ಹೆಸರು ಬರೆದವರಿಗೆ ಗುರುಕೃಪೆ ಸದಾ ಇರಲೆಂದು ಹಾರೈಸುತ್ತೇವೆ.